ಗೋಡೆ ಪಕ್ಕದ ಆರು ಜಾಡಿ

ಬಕೆಟ್ಟಿನ ನೀರಿನ ಮೇಲೆ ಬೆಳಗಿನ ಹೊತ್ತು ತೆಳ್ಳಗೆ ಹೆಪ್ಪು ಕಟ್ಟತೊಡಗಿದ ವಾರವೇ ಆ ಮನೆಯಲ್ಲಿ ಉಗ್ರಾಣ ಖಾಲಿ ಮಾಡುವ ವಾರ. ಮರಗಳು ಮುಕ್ಕಾಲು ಪಾಲು ಎಲೆ ಉದುರಿಸಿದ್ದವು. ಎದುರಿನ ಬೆಟ್ಟದ ನೆತ್ತಿ ಎರಡು ದಿನದಿಂದ ಬೆಳ್ಳಗಿತ್ತು. ಆ ಬಿಳುಪು ಇನ್ನು ಹತ್ತು ಹನ್ನೆರಡು ದಿನದಲ್ಲಿ ಕೆಳಗಿಳಿದು ಬಂದು ದಾರಿಯನ್ನು ಮುಚ್ಚುತ್ತದೆ. ಮುಚ್ಚಿದರೆ ನಾಲ್ಕು ತಿಂಗಳು ಗಾಡಿಯಿಲ್ಲ, ಅಂಗಡಿಯಿಲ್ಲ. ಕರೆಂಟಿನ ಕಂಬಗಳಂತೂ ಮೊದಲಿನಿಂದಲೂ ಕಣಿವೆಯ ಬಾಯಿಯ ತನಕ ಬಂದು ಅಲ್ಲಿಗೇ ದಣಿದು ನಿಂತಿದ್ದವು. ಮನೆಯ ಮಾಡಿನ ಮೇಲೊಂದು ಸೋಲಾರ್ ಹಲಗೆ ಇತ್ತು. ಅದು ಎರಡು ಬಲ್ಬು ಮತ್ತು ಒಂದು ರೇಡಿಯೋವನ್ನು ಹೇಗೋ ಸಾಕುತ್ತಿತ್ತು. ಮಿಕ್ಕವರನ್ನೆಲ್ಲ ಸಾಕುವುದು ಉಗ್ರಾಣದ ಪಾಲಿಗೆ.

ಸೊಸೆ ತಲೆಗೆ ಬಟ್ಟೆ ಬಿಗಿದು, ತೋಳು ಮಡಚಿ, ಬೆಳಗಿನಿಂದ ಮೂರು ಮೆಟ್ಟಿಲು ಇಳಿದು ಹತ್ತಿ ಸಾಮಾನು ಹೊರಗೆ ಸಾಗಿಸುತ್ತಿದ್ದಳು. ಅಡುಗೆಮನೆಯ ಹಿಂದೆ ಗುಡ್ಡ ಕೊರೆದು ಮಾಡಿದ ಕೋಣೆ ಅದು. ಅಂಗೈಯಗಲದ ಒಂದು ಗಾಳಿಕಿಂಡಿ, ಅದಕ್ಕೆ ಇಲಿ ನುಗ್ಗದ ಹಾಗೆ ತಂತಿಬಲೆ, ಮೂರು ಗೋಡೆಗೂ ಹಲಗೆ. ಹಿಟ್ಟಿನ ತಗಡಿನ ಡಬ್ಬಗಳು, ಬೂದಿ ಬೆರೆಸಿಟ್ಟ ಗೋಧಿ, ಮರಳಿನಲ್ಲಿ ಹೂತ ಗಡ್ಡೆ, ಜಡೆಯಂತೆ ಹೆಣೆದು ತೂಗುಹಾಕಿದ ಈರುಳ್ಳಿ, ಒಣಗಿಸಿದ ಸೇಬಿನ ಹೋಳು, ಉಪ್ಪು, ಎಣ್ಣೆ, ಜೇನು, ಮೇಣದ ಬತ್ತಿ, ತೇವ ತಾಗದ ಡಬ್ಬಿಯಲ್ಲಿ ಬೆಂಕಿಪೊಟ್ಟಣ. ಎಲ್ಲವೂ ಅಂಗಳದ ಗೋಣಿಯ ಮೇಲೆ ಬಂದು ಕೂರಬೇಕು. ಗೋಡೆಗೆ ಸುಣ್ಣ ಬೀಳಬೇಕು. ಸುಣ್ಣ ಆರಿದ ಮೇಲೆ ಒಂದೊಂದಾಗಿ ಒಳಗೆ ಹೋಗಬೇಕು. ಹೋಗುವಾಗ ಹಳೆಯದು ಮುಂದೆ, ಹೊಸದು ಹಿಂದೆ. ಮುಂದಿನದನ್ನು ತಿಂದು ಮುಗಿಸಿದ ಮೇಲೇ ಹಿಂದಿನದಕ್ಕೆ ಕೈ. ಪ್ರತಿ ತಿಂಗಳ ಮೊದಲ ದಿನ ಎಲ್ಲವನ್ನೂ ಒಂದು ಗೇಣು ಮುಂದಕ್ಕೆ ಸರಿಸುವುದು. ಈ ನಿಯಮ ಅತ್ತೆಗೆ ಅವರ ಅತ್ತೆಯಿಂದ ಬಂದದ್ದು.

ಅತ್ತೆ ಬಾಗಿಲ ಬಳಿ ಮಗುಚಿಹಾಕಿದ ಪೆಟ್ಟಿಗೆಯ ಮೇಲೆ ಕೂತಿದ್ದರು. ಕೊರಳಲ್ಲಿ ದಾರಕ್ಕೆ ಪೋಣಿಸಿದ ಉಗ್ರಾಣದ ಕೀಲಿ. ಕಣ್ಣಿಗೆ ಪೊರೆ ಬಂದು ಒಂದೂವರೆ ವರ್ಷವಾಗಿತ್ತು. ಎದುರಿಗೆ ನಿಂತವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆದರೂ ಪ್ರತಿ ಜಾಡಿಯೂ ಅವರ ಕೈ ದಾಟಿಯೇ ಅಂಗಳಕ್ಕೆ ಹೋಗಬೇಕಿತ್ತು. ಆ ಮನೆಯಲ್ಲಿ ಜಾಡಿಗಳ ಮೇಲೆ ಏನನ್ನೂ ಬರೆಯುವ ಅಭ್ಯಾಸವಿರಲಿಲ್ಲ. ಬರೆದದ್ದು ತೇವಕ್ಕೆ ಅಳಿಸುತ್ತದೆ ಎನ್ನುತ್ತಿದ್ದರು ಅತ್ತೆ. ಅದರ ಬದಲು ಪ್ರತಿ ವರ್ಷ ಸವೆದುಹೋದ ಒಂದು ಬಟ್ಟೆಯನ್ನು ಚೌಕವಾಗಿ ಹರಿದು, ಆ ವರ್ಷದ ಫಸಲಿನ ಜಾಡಿಗಳ ಮುಚ್ಚಳಕ್ಕೆ ಕಟ್ಟುವುದು. ಜಾಡಿ ಖಾಲಿಯಾದ ದಿನ ಅದರ ಬಟ್ಟೆ ಒಲೆಗೆ. ಹೀಗಾಗಿ ವರ್ಷಗಳಿಗೆ ಆ ಮನೆಯಲ್ಲಿ ಬಟ್ಟೆಯದೇ ಹೆಸರು.

“ಚೌಕಳಿ ಅಂಗಿ,” ಎಂದರು ಅತ್ತೆ, ಬೆರಳಲ್ಲಿ ಸವರಿ. “ಹೋದ ವರ್ಷದ ಬಟಾಣಿ. ಇನ್ನೂ ಎರಡು ಉಳಿದಿದೆಯಾ? ಮುಂದಿಡು, ಮೊದಲು ಅದು ಹೋಗಲಿ.”

ಈ ಸಲದ ಕೆಲಸಕ್ಕೆ ಇನ್ನೊಂದು ಅರ್ಥವೂ ಇತ್ತು. ಹಿಂದಿನ ವಾರ ಊಟದ ಹೊತ್ತಿಗೆ ಅತ್ತೆ, ಲೆಕ್ಕ ಸರಿಹೋದ ಸಂಜೆ ಕೀಲಿಯನ್ನು ಸೊಸೆಗೆ ಕೊಟ್ಟುಬಿಡುತ್ತೇನೆ, ಇನ್ನು ತನ್ನ ಕೈಲಾಗದು ಎಂದಿದ್ದರು. ಮಗ, ಅಮ್ಮ ರಾಜ್ಯ ಬಿಟ್ಟುಕೊಡ್ತಿದ್ದಾಳೆ ಎಂದು ನಗೆಯಾಡಿದ್ದ. ಸೊಸೆ ತಟ್ಟೆ ನೋಡುತ್ತ ಕೂತಿದ್ದಳು, ಮುಖ ಎತ್ತಿದರೆ ಸಂತೋಷ ಕಂಡುಬಿಡುತ್ತದೆಂದು. ಅವಳು ಪಟ್ಟಣದ ಹುಡುಗಿ, ಕಸುಬು ಹೊಲಿಗೆ. ತವರಿನ ಮೆಟ್ಟಿಲ ಕೆಳಗೇ ಅಂಗಡಿ. ಉಪ್ಪು ಮುಗಿದರೆ ಚಪ್ಪಲಿ ಮೆಟ್ಟಿ ಓಡಿದರಾಯಿತು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ಕೈಗೆ ಸಿಕ್ಕಿತೆಂದು ಹಿಂದಿನ ಸಾಲಿನ ಹಿಟ್ಟು ತೆಗೆದು ರೊಟ್ಟಿ ಮಾಡಿದ್ದಳು. ಅತ್ತೆ ಬೈಯಲಿಲ್ಲ. ಆ ರೊಟ್ಟಿ ತಿಂದು, ಚೆನ್ನಾಗಿದೆ, ಮುಂದಿನ ವರ್ಷದ ಊಟ ಈಗಲೇ ಮಾಡಿದ ಹಾಗಾಯ್ತು ಎಂದರು. ಅಂದಿನಿಂದ ಮೂರು ವರ್ಷ ಚಿಟಿಕೆ ಉಪ್ಪಿಗೂ ‘ಅತ್ತೆ, ಕೀಲಿ’ ಎಂದು ಕೈ ಚಾಚುವುದೇ ಆಯಿತು. ಬೇಸಿಗೆಯ ಕೊನೆಗೆ ಅತ್ತೆ ಕಣ್ಣು ತೋರಿಸಲು ಮಗಳ ಮನೆಗೆ ಹೋದಾಗ ಎರಡು ವಾರ ಕೀಲಿ ಇವಳಲ್ಲಿತ್ತು. ಬಂದವರೇ ಗಾಡಿ ಇಳಿಯುವ ಮೊದಲು ಕೈ ಚಾಚಿ ವಾಪಸ್ ಪಡೆದಿದ್ದರು.

ಆ ಎರಡು ವಾರದಲ್ಲಿ ಸೊಸೆ ತನ್ನ ಬುದ್ಧಿಯಿಂದಲೇ ಎರಡು ಕೆಲಸ ಮಾಡಿದ್ದಳು. ಆಗಷ್ಟೇ ಕೆಂಪು ಕಾಳಿನ ಫಸಲು ಬಂದಿತ್ತು, ಹೆಬ್ಬೆರಳ ಉಗುರಿನಷ್ಟು ದಪ್ಪನೆಯ ಕಾಳು. ಇಪ್ಪತ್ನಾಲ್ಕು ಜಾಡಿ ತುಂಬಿಸಿ, ಹಳೆಯ ಪೆಟ್ಟಿಗೆಯ ತಳದಲ್ಲಿ ಸಿಕ್ಕ ಹಸಿರು ಪರದೆಯೊಂದನ್ನು ಹರಿದು ಮುಚ್ಚಳಕ್ಕೆ ಕಟ್ಟಿದಳು. ಗಂಡ ಅವನ್ನು ಒಳಗೆ ಜೋಡಿಸಿದ. ಎರಡನೆಯದು, ಹಳೆಯ ಸಾಲ ತೀರಿಸಿದ್ದು. ಎರಡು ವರ್ಷದ ಹಿಂದೆ ಹಿಮ ಕರಗಿದ ನೀರು ಗಾಳಿಕಿಂಡಿಯಿಂದ ಇಳಿದು, ಮರದ ಪೆಟ್ಟಿಗೆಯಲ್ಲಿದ್ದ ಕಾಳಿಗೆಲ್ಲ ಬೂಷ್ಟು ಹಿಡಿದಿತ್ತು. ಆಗ ಅತ್ತೆ ಕೆಳಗಿನ ಗಿರಣಿಯಿಂದ ಆರು ಜಾಡಿ ಕಾಳು ಕೇಳಿ ತಂದಿದ್ದರು. ಹೋದ ವರ್ಷ ಬಳ್ಳಿಗೆ ರೋಗ ಬಿದ್ದು ತೀರಿಸಲಾಗಲಿಲ್ಲ. ಆ ಬೆಟ್ಟದ ಬದಿಯಲ್ಲಿ ತಂದದ್ದನ್ನು ವಾಪಸು ಮಾಡುವಾಗ ಆ ವರ್ಷದ ಹೊಸ ಫಸಲನ್ನೇ ಕೊಡಬೇಕು. ಹಳಸಲು ಕಾಳು ಕೊಟ್ಟವರ ಮನೆಗೆ ಮತ್ತೆ ಯಾರೂ ಏನನ್ನೂ ಕಡ ಕೊಡುವುದಿಲ್ಲ. ಅತ್ತೆ ಬರುವಷ್ಟರಲ್ಲಿ ಮುಗಿಸಿಬಿಡೋಣವೆಂದು ಸೊಸೆ ಆರು ಜಾಡಿ ಕತ್ತೆಯ ಮೇಲೆ ಹೇರಿ ಗಿರಣಿಗೆ ಮುಟ್ಟಿಸಿ ಬಂದಿದ್ದಳು. ಕೇಳಿ ಅತ್ತೆಗೂ ಹಿಡಿಸಿತ್ತು.

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಹಲಗೆಯೊಂದು ಉಳಿಯಿತು. ಆ ಮೂಲೆಯನ್ನು ಪ್ರತಿ ವರ್ಷ ಅತ್ತೆ ತಾವೇ ಇಳಿದು ಖಾಲಿ ಮಾಡುತ್ತಿದ್ದರು, ಬೇರೆಯವರಿಗೆ ಬಿಡುತ್ತಿರಲಿಲ್ಲ. ಮುದುಕಿಯ ಹಟ ಎಂದು ಸೊಸೆ ಸುಮ್ಮನಿರುತ್ತಿದ್ದಳು. ಈ ಸಲ ಅವರು ಎದ್ದು ನಿಲ್ಲುವ ಮೊದಲೇ ಅವಳು ಮೊದಲ ಜಾಡಿಯನ್ನು ತಂದು ಮಡಿಲ ಮುಂದೆ ಹಿಡಿದಳು.

ಅತ್ತೆಯ ಬೆರಳು ಬಟ್ಟೆಯ ಮೇಲೆ ನಿಂತಿತು. ಅಂಚು ಹುಡುಕಿತು. ಮತ್ತೆ ನಡುವಿಗೆ ಬಂತು.

“ಈ ಪರದೆ ಎಲ್ಲಿತ್ತು?”

ಪೆಟ್ಟಿಗೆಯ ತಳದಲ್ಲಿತ್ತು ಎಂದಳು ಸೊಸೆ. ಅತ್ತೆ ಹೂಂ ಎಂದರು. ಎಲ್ಲ ತಾ, ಎಣಿಸಿ ಹೇಳು ಎಂದರು.

ಸೊಸೆ ಎಲ್ಲ ತಂದಳು. ಆರು ಕೊಟ್ಟ ಮೇಲೆ ಹದಿನೆಂಟು ಇರಬೇಕಿತ್ತು. ಅಂಗಳದಲ್ಲಿ ಇಪ್ಪತ್ನಾಲ್ಕು ನಿಂತಿದ್ದವು. ಬೆರಳು ಮಡಚಿ ಇನ್ನೊಮ್ಮೆ ಎಣಿಸಿದಳು, ಸಾಲು ಮಾಡಿ ಮತ್ತೊಮ್ಮೆ ಎಣಿಸಿದಳು. ಇಪ್ಪತ್ನಾಲ್ಕೇ. ಲೆಕ್ಕ ತಪ್ಪಿದ ದಿನ ಕೀಲಿ ಕೈಗೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹದಿನೆಂಟು ಎಂದರೆ ಮುಗಿಯಿತು, ಅತ್ತೆಗೆ ಕಾಣುವುದಿಲ್ಲ. ನಾಲಿಗೆಯ ತುದಿಗೆ ಬಂದದ್ದೂ ಅದೇ. ಅತ್ತೆ ಅವಳಿರುವ ಕಡೆಗಿಂತ ಸ್ವಲ್ಪ ಬೇರೆ ದಿಕ್ಕಿಗೆ ಮುಖ ಮಾಡಿ, ಮೊಣಕಾಲ ಮೇಲೆ ಕೈಯಿಟ್ಟು ಕಾಯುತ್ತಿದ್ದರು.

“ಇಪ್ಪತ್ನಾಲ್ಕು ಇದೆ ಅತ್ತೆ,” ಎಂದಳು. “ತುಂಬಿಸಿದ್ದೂ ಇಪ್ಪತ್ನಾಲ್ಕು. ಆರು ಗಿರಣಿಗೆ ಹೋಗಿದೆ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ.”

“ಆ ಆರನ್ನ ಎಲ್ಲಿಂದ ತೆಗೆದೆ?”

“ತೀರಾ ಹಿಂದೆ, ಗೋಡೆ ಪಕ್ಕ. ಹೊಸದು ಹಿಂದೆ ಅಲ್ವಾ? ನೀವೇ ಹೇಳಿಕೊಟ್ಟಿದ್ದು.”

ಅತ್ತೆ ಕೊರಳ ಕೀಲಿಯನ್ನು ಹೆಬ್ಬೆರಳಲ್ಲಿ ತಿರುವುತ್ತ ಕೂತರು. ಆಮೇಲೆ, ತಪ್ಪು ನಿನ್ನದಲ್ಲ ಕಣಮ್ಮ, ಕೂತ್ಕೋ ಎಂದರು.

ಪರದೆಗೆ ಜೋಡಿ ಇರುತ್ತದೆ. ಹೊಲಿಗೆಯವಳಿಗೇ ಅದು ಹೊಳೆದಿರಲಿಲ್ಲ. ಅದೇ ಹಸಿರು ಪರದೆಯ ಜೋಡಿಯನ್ನು ನಾಲ್ಕು ವರ್ಷದ ಹಿಂದೆ, ಸೊಸೆ ಈ ಮನೆಗೆ ಬರುವುದಕ್ಕೂ ಒಂದು ವರ್ಷ ಮೊದಲು, ಅತ್ತೆ ತಾವೇ ಹರಿದು ಕಟ್ಟಿದ್ದರು. ಆ ವರ್ಷದ ಕಾಳನ್ನು ಬಿತ್ತಿದ್ದು ಮಾವ. ಜಗಲಿಯಲ್ಲಿ ಕೂತು ಸಿಪ್ಪೆ ಬಿಡಿಸಿದ್ದೂ ಅವರೇ. ಜಾಡಿ ತುಂಬಿಸಿದ ಹನ್ನೊಂದನೆಯ ದಿನ, ಚಹಾದ ಲೋಟ ಕೈಯಲ್ಲಿದ್ದ ಹಾಗೇ ಗೋಡೆಗೆ ಒರಗಿದವರು ಏಳಲಿಲ್ಲ. ಆ ಚಳಿಗಾಲದಲ್ಲಿ ಕಾಳು ಖರ್ಚಾಗುತ್ತ ಬಂದು ಕೊನೆಯ ಆರು ಜಾಡಿ ಉಳಿದಾಗ, ಅತ್ತೆ ಅವನ್ನು ಮುಂದಕ್ಕೆ ಸರಿಸಲಿಲ್ಲ. ಹಿಂದಕ್ಕೆ ತಳ್ಳಿದರು, ಗೋಡೆಗೆ ತಾಗುವ ತನಕ. ಅಂದಿನಿಂದ ಪ್ರತಿ ಶರತ್ಕಾಲ ಸುಣ್ಣಕ್ಕೆಂದು ತೆಗೆದು, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದರು. ಈ ಸಲ ಮಗ ಹೊಸ ಜಾಡಿ ಜೋಡಿಸುವಾಗ ಆ ಕತ್ತಲಲ್ಲಿ ಅವನಿಗೆ ಕಂಡದ್ದು ಖಾಲಿ ಜಾಗ ಮಾತ್ರ. ಹಿಂದೆ ಏನಿದೆ ಎಂದು ನೋಡಲಿಲ್ಲ.

ಸೊಸೆಗೆ ನೆನಪಾಯಿತು. ಗಿರಣಿಯ ಬಾಗಿಲ ಪಕ್ಕ ಒಂದು ಹಗ್ಗ ನೇತುಹಾಕಿತ್ತು. ಗಿರಣಿಯಾಕೆ ಯಾರಿಗೆ ಏನು ಕಡ ಕೊಟ್ಟರೂ ಜಾಡಿಗೊಂದು ಗಂಟು ಹಾಕುತ್ತಿದ್ದರು, ಮನೆಗೊಂದು ಹಗ್ಗ. ಅಂದು ಆರು ಜಾಡಿ ಕೊಟ್ಟರೂ ಅವರು ಗಂಟು ಬಿಚ್ಚಲಿಲ್ಲ. ಬೇಯಿಸಿ ನೋಡಿ ಬಿಚ್ತೀನಿ, ನನ್ನ ಪದ್ಧತಿ ಅದು ಎಂದಿದ್ದರು. ಸೊಸೆಗೆ ಆಗ ಸ್ವಲ್ಪ ಬೇಜಾರಾಗಿತ್ತು. ತಾನು ಹೊಸ ಕಾಳು ಎಂದು ಬಾಯಿತುಂಬ ಹೇಳಿ ಕೊಟ್ಟುಬಂದಿದ್ದಳು. ನಾಲ್ಕು ವರ್ಷದ ಕಾಳು ಬೇಯುವುದಿಲ್ಲ, ಕಲ್ಲಾಗಿರುತ್ತದೆ. ದಾರಿ ಮುಚ್ಚಿಹೋದರೆ ಆ ಮಾತು ಚಳಿಗಾಲ ಪೂರ್ತಿ ಹಾಗೇ ನಿಲ್ಲುತ್ತದೆ.

ಬೆಳಗಾಗುತ್ತಲೇ ಹೊರಟರು. ಸೊಸೆ ಒಬ್ಬಳೇ ಹೋಗಿಬರುತ್ತೇನೆಂದಳು, ಅತ್ತೆ ಕೇಳಲಿಲ್ಲ. ಕಡ ತಂದವಳು ತಾನು, ವಾಪಸ್ ಮಾಡುವವಳೂ ತಾನೇ ಎಂದರು. ಹೊಸ ಫಸಲಿನ ಆರು ಜಾಡಿಯನ್ನು ಹುಲ್ಲಿಟ್ಟು ಬುಟ್ಟಿಯಲ್ಲಿ ಜೋಡಿಸಿ ಕತ್ತೆಯ ಎರಡು ಬದಿಗೂ ಕಟ್ಟಿದರು. ಸುಣ್ಣದ ಕುಂಚ ಹಿಡಿದು ನಿಂತಿದ್ದ ಮಗ, ಅಮ್ಮ, ನೀನು ಕತ್ತೆ ಮೇಲೆ ಕೂತ್ಕೋ, ಜಾಡಿ ನಾನು ಹೊರುತ್ತೇನೆ ಎಂದ. ಕತ್ತೆಗೂ ಒಂದು ಮರ್ಯಾದೆ ಇದೆ, ನೀನು ಗೋಡೆ ನೋಡ್ಕೋ, ಈ ಸಲ ಮೂಲೆ ತನಕ ನೋಡು ಎಂದರು ಅತ್ತೆ. ಕತ್ತೆಯ ಬೆನ್ನ ಮೇಲೆ ಕೈಯಿಟ್ಟು, ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತ ಇಳಿದರು. ಒಂದು ಗಂಟೆಯ ದಾರಿಗೆ ಎರಡೂವರೆ ಗಂಟೆ ಹಿಡಿಯಿತು. ನಡುನಡುವೆ ಕೂತು, ಒಂದೊಂದು ಸೇಬಿನ ಹೋಳು ಅಗಿದರು. ಹಳೆಯ ಡಬ್ಬದ್ದೇ ತಾನೇ ಎಂದು ಅತ್ತೆ ವಿಚಾರಿಸಿದರು. ಹೌದು ಎಂದಳು ಸೊಸೆ.

ಗಿರಣಿ ತೊರೆಯ ಮೇಲಿತ್ತು. ನೀರಿನ ಚಕ್ರ ತಿರುಗುವ ಸದ್ದು ದೂರದಿಂದಲೇ ಕೇಳುತ್ತಿತ್ತು. ಗಿರಣಿಯಾಕೆ ಅತ್ತೆಯ ಓರಗೆಯವರು. ತಲೆಕೂದಲು, ಹುಬ್ಬು, ಕಿವಿಯ ಅಂಚು, ಎಲ್ಲ ಹಿಟ್ಟಿನ ಬಣ್ಣ. ಸೊಸೆ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಬಾಗಿಲಲ್ಲಿ ಇವರ ತಲೆ ಕಂಡದ್ದೇ ಅವರು ಬೀಸುಕಲ್ಲಿನ ಪಕ್ಕದಿಂದ ಎದ್ದರು.

“ಬಾರೇ ಬಾ. ನಿನ್ನ ಕಾಳು ಇನ್ನೂ ಒಲೆ ಮೇಲೇ ಇದೆ. ಮೂರು ದಿನದಿಂದ ಕುದೀತಾ ಇದೆ. ಸೌದೆ ಬೆಂದುಹೋಯ್ತು, ಕಾಳು ಬೇಯಲಿಲ್ಲ. ಕೋಳಿಗೆ ಹಾಕಿದೆ, ಅವು ಕೊಕ್ಕು ಉಜ್ಜಿಕೊಂಡು ನನ್ನ ಮುಖ ನೋಡಿದವು.”

ಸೊಸೆ ತಲೆ ತಗ್ಗಿಸಿದಳು. ತಪ್ಪು ನನ್ನದು ದೊಡ್ಡಮ್ಮ ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವಳ ಮೊಣಕೈ ಒತ್ತಿ ಹಿಡಿದರು. ಒಳಗೆ ಹೋಗಿ ಬೆಂಚಿನ ಮೇಲೆ ಕೂತು, ನಿನ್ನೆ ಅಂಗಳದಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದರು. ಪರದೆಯ ಜೋಡಿ, ಗೋಡೆ ಪಕ್ಕದ ಆರು ಜಾಡಿ, ಅದು ಯಾರು ಬಿತ್ತಿದ ಕಾಳು ಎಂಬುದು. ಹೇಳುವಾಗ ಒಮ್ಮೆಯೂ ದನಿ ಏರಲಿಲ್ಲ, ಇಳಿಯಲಿಲ್ಲ. ಹುಡುಗಿ ನಾನು ಹೇಳಿಕೊಟ್ಟ ಹಾಗೇ ಮಾಡಿದಳು, ಹೇಳಿಕೊಟ್ಟ ನಾನೇ ಹಾಗೆ ಮಾಡಲಿಲ್ಲ ಎಂದು ಮುಗಿಸಿದರು.

ಗಿರಣಿಯಾಕೆ ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕಿದರು.

“ಇರು, ಇರು. ನಿಮ್ಮ ಕಾಳಿಗೆ ಬೂಷ್ಟು ಬಂತು ಅಂತ ನೀನು ಮಂಜಲ್ಲಿ ನಡ್ಕೊಂಡು ಬಂದು ನನ್ನ ಹತ್ತಿರ ಆರು ಜಾಡಿ ಕಡ ತಗೊಂಡೆಯಲ್ಲ, ಆಗಲೂ ಮನೇಲಿ ಆ ಆರು ಜಾಡಿ ಇತ್ತಾ?”

“ಇತ್ತು.”

“ಆಗ ಅದು ಎರಡು ವರ್ಷದ್ದು. ಚೆನ್ನಾಗೇ ಬೇಯ್ತಿತ್ತು.”

“ಬೇಯ್ತಿತ್ತು.”

“ಮನೇಲಿ ಆರು ಇಟ್ಕೊಂಡು ನನ್ನ ಹತ್ತಿರ ಆರು ಕಡ ತಂದೆ!”

ಸೊಸೆಗೂ ಈ ಲೆಕ್ಕ ಆಗಷ್ಟೇ ಹೊಳೆದದ್ದು. ಗಿರಣಿಯಾಕೆ ಏಪ್ರನ್ನಿಗೆ ಕೈ ಒರೆಸಿಕೊಂಡು ಒಲೆಯ ಬಳಿ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಒಂದು ಕಾಳನ್ನು ಬಾಯಿಗೆ ಹಾಕಿ, ಹಲ್ಲಲ್ಲಿ ಕಡಿಯಲಾಗದೆ ಅಂಗೈಗೆ ತೆಗೆದುಕೊಂಡರು.

“ಅವನದೇ ಕಾಳು ಬಿಡು,” ಎಂದರು. “ಅವನೂ ಹೀಗೇ ಇದ್ದ. ಎಷ್ಟು ಕಾಯಿಸಿದ್ರೂ ಮೆತ್ತಗಾಗ್ತಿರಲಿಲ್ಲ.”

ಅತ್ತೆಯ ಹೆಗಲು ಅಲ್ಲಾಡಿತು. ಅಳುತ್ತಿದ್ದಾರೆಂದು ಸೊಸೆ ಹತ್ತಿರ ಸರಿದಳು. ಅತ್ತೆ ನಗುತ್ತಿದ್ದರು. ಕಾಯಿಸಿದವಳು ನಾನು, ನಲವತ್ತು ವರ್ಷ, ನೀನು ಮೂರೇ ದಿನಕ್ಕೆ ದೂರು ಹೇಳ್ತೀಯ ಎಂದು, ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಇಬ್ಬರು ಮುದುಕಿಯರೂ ನಗುವುದನ್ನು ನೋಡುತ್ತ ಸೊಸೆ ನಿಂತಲ್ಲೇ ನಿಂತಳು. ಹೊರಗೆ ಕತ್ತೆ ಕಾಲು ಬದಲಿಸಿತು.

ಬೇಯದ ಕಾಳಿಗೆ ಕಲ್ಲೇ ಮದ್ದು ಎಂದರು ಗಿರಣಿಯಾಕೆ. ಬೀಸಿ ಹಿಟ್ಟು ಮಾಡಿದರೆ ಗಂಜಿಗೆ, ರೊಟ್ಟಿಗೆ ಹತ್ತೇ ನಿಮಿಷ. ತೊರೆ ಇನ್ನು ನಾಲ್ಕು ದಿನಕ್ಕೆ ಹೆಪ್ಪುಗಟ್ಟುತ್ತದೆ, ಚಕ್ರ ನಿಲ್ಲುತ್ತದೆ, ಬೀಸುವುದಿದ್ದರೆ ಇವತ್ತೇ. ಬೀಸುವ ಪಾಲು ಎಲ್ಲರಿಗೂ ಇರುವಂತೆ ಎಂಟರಲ್ಲೊಂದು, ಅದನ್ನು ಬಿಡುವುದಿಲ್ಲ ಎಂದೂ ಸೇರಿಸಿದರು. ಅತ್ತೆ ಒಪ್ಪುತ್ತಾರೋ ಇಲ್ಲವೋ ಎಂದು ಸೊಸೆ ಅವರ ಮುಖ ನೋಡಿದಳು. ಅತ್ತೆ ಯೋಚಿಸಿದರು. ಇನ್ನೂ ಎರಡು ವರ್ಷ ಗೋಡೆ ಪಕ್ಕ ಇಟ್ಟರೆ ಹುಳು ತಿನ್ನುತ್ತವೆ, ನಾವೇ ತಿನ್ನೋಣ ಎಂದರು.

ಜಾಡಿಗಳನ್ನು ಸೊಸೆ ಒಂದೊಂದಾಗಿ ತೆರೆದಳು. ಹಗಲ ಬೆಳಕಲ್ಲಿ ನೋಡಿದರೆ ಬಣ್ಣವೇ ಬೇರೆ: ಹೊಸದು ಕೆಂಪು, ಇದು ಒಣಗಿದ ಇಟ್ಟಿಗೆಯಂತೆ ಕಂದು. ಕಲ್ಲಿನ ಮೇಲಿನ ಬುಟ್ಟಿಗೆ ತಾನೇ ಸುರಿಯುತ್ತೇನೆಂದು ಅತ್ತೆ ಮುಂದೆ ಬಂದರು. ಬಗ್ಗಿದಾಗ ಕೊರಳ ಕೀಲಿ ಜೋತುಬಿದ್ದು ಬುಟ್ಟಿಯ ಅಂಚಿಗೆ ಬಡಿಯಿತು. ಅದನ್ನು ತೆಗೆದು, ಹಿಡ್ಕೋ ಎಂದು ಪಕ್ಕಕ್ಕೆ ಚಾಚಿದರು. ಸೊಸೆ ಹಿಡಿದುಕೊಂಡಳು. ಕಾಳು ಸುರಿಯುವಾಗ ಅತ್ತೆ ಒಂದು ಹಿಡಿಯನ್ನು ಬೆರಳ ಸಂದಿಯಿಂದ ನಿಧಾನವಾಗಿ ಬಿಟ್ಟರು. ಆಮೇಲೆ ಜಾಡಿಯನ್ನು ಪೂರ್ತಿ ಬೋರಲು ಹಾಕಿ ತಳವನ್ನು ಎರಡು ಸಲ ತಟ್ಟಿದರು.

ಕಲ್ಲು ಮೊದಲು ಕಟಕಟ ಎಂದಿತು, ಆಮೇಲೆ ಎಂದಿನ ಗುಯ್‌ಗುಟ್ಟುವಿಕೆಗೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಚೀಲ ತುಂಬಿತು. ಗಿರಣಿಯಾಕೆ ತಮ್ಮ ಪಾಲನ್ನು ತೆಗೆದುಕೊಂಡು, ಅದರಲ್ಲೇ ಎರಡು ಹಿಡಿ ನೀರಿಗೆ ಹಾಕಿ, ಉಪ್ಪು ಬೆರೆಸಿ ಗಂಜಿ ಕಾಯಿಸಿದರು. ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತು ಕುಡಿದರು. ಸೊಸೆ ಎಂದೂ ನೋಡಿರದ ಮಾವನ ಕಾಳು. ಸ್ವಲ್ಪ ಮಣ್ಣಿನ ರುಚಿ, ತುದಿಯಲ್ಲಿ ಸಣ್ಣ ಸಿಹಿ. ಅತ್ತೆ ಲೋಟದ ತಳವನ್ನು ಬೆರಳಲ್ಲಿ ಬಳಿದರು. ಮೆತ್ತಗಾದನಾ ಎಂದು ಗಿರಣಿಯಾಕೆ ಕೇಳಿದರು. ಆದ ಎಂದರು ಅತ್ತೆ. ಹಸಿರು ಬಟ್ಟೆಯ ಆರು ಚೂರುಗಳನ್ನು ತಾವೇ ಎಣಿಸಿ ಒಲೆಗೆ ಹಾಕಿದರು.

ಹೊಸ ಕಾಳನ್ನು ಬೇಯಿಸಿ ನೋಡುವ ತನಕ ಗಂಟು ಬಿಚ್ಚುವುದಿಲ್ಲವೇನೋ ಎಂದುಕೊಂಡಿದ್ದಳು ಸೊಸೆ. ಗಿರಣಿಯಾಕೆ ಹೊಸ ಜಾಡಿಯಿಂದ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿ, ತಲೆಯಾಡಿಸಿ, ಬಾಗಿಲ ಪಕ್ಕದ ಮೊಳೆಯಿಂದ ಹಗ್ಗ ಇಳಿಸಿದರು. ಐದು ಗಂಟು ಸುಲಭವಾಗಿ ಬಿಚ್ಚಿದವು. ಆರನೆಯದು ಎರಡು ಚಳಿಗಾಲದ ಹಿಟ್ಟು ಕುಡಿದು ಬಿಗಿದುಕೂತಿತ್ತು. ಅವರ ಉಗುರಿಗೂ ಬಗ್ಗಲಿಲ್ಲ, ಅತ್ತೆಯ ಉಗುರಿಗೂ ಬಗ್ಗಲಿಲ್ಲ. ಕತ್ತರಿ ತರಲೇ ಎಂದರು ಗಿರಣಿಯಾಕೆ.

“ಕತ್ತರಿಸಬೇಡಿ ದೊಡ್ಡಮ್ಮ, ಕೊಡಿ ಇಲ್ಲಿ,” ಎಂದಳು ಸೊಸೆ.

ಕುಪ್ಪಸದ ಅಂಚಿಗೆ ಸದಾ ಚುಚ್ಚಿಕೊಂಡಿರುತ್ತಿದ್ದ ದಪ್ಪ ಸೂಜಿಯನ್ನು ತೆಗೆದಳು. ಬೆಳಕಿಗೆ ತಿರುಗಿ ಕೂತು, ಕೀಲಿಯ ದಾರವನ್ನು ತೊಡಕಾಗದಂತೆ ಕೊರಳಿಗೆ ಹಾಕಿಕೊಂಡು, ಸೂಜಿಯ ಮೊನೆಯಿಂದ ಗಂಟಿನ ಎಳೆಯನ್ನು ಒಂದಿಷ್ಟಿಷ್ಟೇ ಮೀಟಿದಳು. ಎಳೆ ಸಡಿಲವಾಯಿತು. ಗಿರಣಿಯಾಕೆ ಹಗ್ಗವನ್ನು ಎರಡು ತುದಿ ಹಿಡಿದು ಜಗ್ಗಿ, ಹಿಟ್ಟು ಕೊಡವಿ, ನೆಟ್ಟಗೆ ಮತ್ತೆ ಮೊಳೆಗೆ ತೂಗುಹಾಕಿದರು.

ಅತ್ತೆ ಕೈ ನೀಡಿ ಹಗ್ಗವನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ಸವರಿದರು. ಗಂಟು ಎಲ್ಲೂ ಸಿಗಲಿಲ್ಲ. ನಡಿ ಮತ್ತೆ, ಬೆಳಕಿರುವಾಗಲೇ ಮೇಲೆ ಹತ್ತೋಣ ಎಂದು ಕತ್ತೆಯ ಬೆನ್ನು ಹುಡುಕುತ್ತ ಹೊರಗೆ ಬಂದರು. ಕೀಲಿಯನ್ನು ಕೇಳಲಿಲ್ಲ.